ಮುಯ್ಯಿ, ದೀಪೋತ್ಸವ, ತಿಥಿ ಊಟ: ಪಂಚಾಯಿತಿ ಅಭ್ಯರ್ಥಿಯೊಬ್ಬರ ಪ್ರಚಾರದ ಕಥೆ

2020ರ ಡಿಸೆಂಬರ್‌ನಲ್ಲಿ ಕರ್ನಾಟಕದ 5,700ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. 22ಕ್ಕೆ ಮೊದಲ ಹಂತ, 27ಕ್ಕೆ ಎರಡನೇ ಹಂತ, 30ಕ್ಕೆ ಎಣಿಕೆ. ಹಳೆ ಸದಸ್ಯರ ಅವಧಿ ಆ ವರ್ಷದ ಮಧ್ಯದಲ್ಲೇ ಮುಗಿದಿತ್ತು. ಕೊರೊನಾ ಕಾರಣಕ್ಕೆ ಚುನಾವಣೆ ಮುಂದೆ ಹೋಗಿ, ಅಲ್ಲಿಯವರೆಗೆ ಆಡಳಿತಾಧಿಕಾರಿಗಳೇ ಪಂಚಾಯಿತಿ ನೋಡಿಕೊಳ್ಳುತ್ತಿದ್ದರು.

ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೊದಲ ಹಂತದಲ್ಲಿ ನಿಂತಿದ್ದ ಮಹಿಳೆಯೊಬ್ಬರ ಪ್ರಚಾರವನ್ನು ನಾನು ಹತ್ತಿರದಿಂದ ನೋಡಿದೆ. ಅವರ ಕರಪತ್ರ ಬರೆದುಕೊಟ್ಟವನು ನಾನೇ. ಹಾಗಾಗಿ ನಾನು ಪೂರ್ತಿ ಹೊರಗಿನವನಲ್ಲ, ಓದುವವರು ಅದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಊರಿನ ಹೆಸರು, ಜನರ ಹೆಸರು ಹಾಕುವುದಿಲ್ಲ. ಅವರೆಲ್ಲ ಇವತ್ತಿಗೂ ಅದೇ ಬೀದಿಗಳಲ್ಲಿ ಓಡಾಡುವವರು.

ಈ ಪ್ರಕರಣ ಬರೆಯುವುದಕ್ಕೆ ಒಂದು ಕಾರಣವಿದೆ. ಹೆಣ್ಣುಮಕ್ಕಳು ಪಂಚಾಯಿತಿಗೆ ನಿಂತರೆ ನಿಜವಾಗಿ ನಿಲ್ಲುವುದು ಗಂಡ ಅಂತ ಎಲ್ಲರೂ ಹೇಳುತ್ತಾರೆ. ಟೀ ಅಂಗಡಿಯಲ್ಲಿ, ಅರಳಿಕಟ್ಟೆಯಲ್ಲಿ ನೋಡಿದರೆ ಅದು ನಿಜ. ಆದರೆ ಮದುವೆ ಮನೆ, ಸೀಮಂತ, ದೇವಸ್ಥಾನ, ಸಂಘದ ಸಭೆಗಳಲ್ಲಿ ನೋಡಿದರೆ ಬೇರೆಯೇ ಕಾಣುತ್ತದೆ. ಅಲ್ಲಿ ಗಂಡನಿಗೆ ಹೋಗಲು ಆಗದ ಜಾಗಗಳಿವೆ. ಅಲ್ಲಿ ಅವಳೇ ಅಭ್ಯರ್ಥಿ.

ಕಣ ಹೇಗಿತ್ತು

ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಈ ವಾರ್ಡ್‌ನಲ್ಲಿ ಮೂರು ಸ್ಥಾನ. ಒಂದು ಸಾಮಾನ್ಯ, ಒಂದು ಪರಿಶಿಷ್ಟ ಜಾತಿ, ಒಂದು ಸಾಮಾನ್ಯ ಮಹಿಳೆ. ಪ್ರತಿ ಮತದಾರರಿಗೂ ಮೂರು ವೋಟು. ಅಂದರೆ ಮೇಲಿನ ಬೀದಿಯವರ ವೋಟು ಮಾತ್ರ ನಂಬಿಕೊಂಡು ಯಾರೂ ಗೆಲ್ಲುವಂತಿಲ್ಲ, ಪರಿಶಿಷ್ಟ ಜಾತಿಯವರಿರುವ ಕಾಲೋನಿಯವರೂ ಬೇಕು. ಪಕ್ಷದ ಚಿಹ್ನೆ ಇಲ್ಲ, ಬಾವುಟ ಇಲ್ಲ. ಯಾವ ಪಕ್ಷದವರು ಅಂತ ಊರಿಗೆಲ್ಲ ಗೊತ್ತಿರುತ್ತದೆ, ಆದರೆ ಕರಪತ್ರದಲ್ಲಿ ಹಾಕುವ ಹಾಗಿಲ್ಲ.

ಮಹಿಳಾ ಸ್ಥಾನಕ್ಕೆ ಇಬ್ಬರ ನಡುವೆ ನೇರ ಪೈಪೋಟಿ. ನಾನು ಹೇಳುತ್ತಿರುವವರು ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಎರಡು ಹಸು ಕಟ್ಟಿಕೊಂಡು ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕುವವರು. ಓದಿರುವುದು ಹತ್ತನೇ ಕ್ಲಾಸು. ಊರಲ್ಲಿ ಎಲ್ಲರೂ ಅವರನ್ನು ಅಕ್ಕ ಅನ್ನುತ್ತಾರೆ, ಇಲ್ಲೂ ಹಾಗೇ ಕರೆಯುತ್ತೇನೆ. ಎದುರಾಳಿಯ ಗಂಡ ಗುತ್ತಿಗೆದಾರ. ಕೈಯಲ್ಲಿ ದುಡ್ಡಿದೆ, ತಾಲ್ಲೂಕು ಆಫೀಸಿನಲ್ಲಿ ಪರಿಚಯವಿದೆ, ಹಿಂದೆ ಹತ್ತು ಹುಡುಗರಿದ್ದಾರೆ. ಅವರ ಕರಪತ್ರದಲ್ಲಿ ಗಂಡನ ಫೋಟೋ ಹೆಂಡತಿಯದಕ್ಕಿಂತ ದೊಡ್ಡದಿತ್ತು.

ಸಮಯ ಬಹಳ ಕಡಿಮೆ. ನಾಮಪತ್ರಕ್ಕೆ ಕೊನೆ ದಿನ 11, ವಾಪಸ್ ತೆಗೆದುಕೊಳ್ಳಲು 14. ಅಭ್ಯರ್ಥಿಗೆ ಅಂತ ಕೊಡುವ, ಪಕ್ಷದ್ದಲ್ಲದ ಚಿಹ್ನೆ ಸಿಗುವುದೇ ಅದಾದ ಮೇಲೆ. 20ರ ಸಂಜೆ 5ಕ್ಕೆ ಬಹಿರಂಗ ಪ್ರಚಾರ ಬಂದ್. ಚಿಹ್ನೆ ಹಿಡಿದು ತಿರುಗಲು ಒಂದು ವಾರವೂ ಇಲ್ಲ. ಸಾಲದ್ದಕ್ಕೆ ಅದು ರಾಗಿ ಕೊಯ್ಲಿನ ಕಾಲ, ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಕೊರೊನಾ ನಿಯಮದಿಂದ ಮನೆ ಮನೆಗೆ ಐದು ಜನಕ್ಕಿಂತ ಜಾಸ್ತಿ ಹೋಗುವಂತಿರಲಿಲ್ಲ. ಹಾಗಾಗಿ ಜನ ಒಟ್ಟಾಗಿ ಸಿಗುತ್ತಿದ್ದದ್ದು ಕಾರ್ಯಕ್ರಮಗಳಲ್ಲಿ ಮಾತ್ರ. ಅದೂ ಪಂಚಾಂಗ ನೋಡಿಕೊಂಡು. ಕಾರ್ತಿಕ ಮಾಸ 14ಕ್ಕೆ ಮುಗಿಯಿತು, 16ರಿಂದ ಧನುರ್ಮಾಸ. ಧನುರ್ಮಾಸದಲ್ಲಿ ಮದುವೆ ಇಲ್ಲ. ಅಷ್ಟರೊಳಗೆ ಮುಗಿಸಬೇಕು ಅಂತ ಆ ಹತ್ತು ದಿನಗಳಲ್ಲಿ ಮದುವೆಗಳು ಸಾಲಾಗಿ ಬಂದಿದ್ದವು.

ಮದುವೆ ಮನೆಯಲ್ಲಿ

ನಾಮಪತ್ರ ಹಾಕಿದ ಎರಡು ದಿನಕ್ಕೆ ಊರಿನ ಒಂದು ದೊಡ್ಡ ಮನೆತನದ ಮದುವೆ ಇತ್ತು. ತುಂಬಾ ಜನ ಸೇರುವ ಮದುವೆ. ಎದುರಾಳಿಯ ಗಂಡ ಹುಡುಗರನ್ನು ಕಟ್ಟಿಕೊಂಡು ಧಾರೆ ಹೊತ್ತಿಗೆ ಬಂದರು. ಸೀದಾ ಮಂಟಪ ಹತ್ತಿ, ಗಂಡು ಹೆಣ್ಣಿನ ಪಕ್ಕ ನಿಂತು, ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಫೋಟೋ ತೆಗೆಸಿಕೊಂಡರು. ಮಾಸ್ಕ್ ಇದ್ದರೆ ಯಾರೆಂದು ಗೊತ್ತಾಗಬೇಕಲ್ಲ. ದಪ್ಪನೆಯ ಕವರ್ ಕೊಟ್ಟರು. ಆಮೇಲೆ ಊಟದ ಹಾಲ್‌ಗೆ ಇಳಿದು, ಪಂಕ್ತಿ ಉದ್ದಕ್ಕೂ ಕೈಮುಗಿಯುತ್ತಾ ಹೋದರು. ಎಡಗೈಯಲ್ಲಿ ನಮಸ್ಕಾರ ಮಾಡೋದು ಸರಿಯಲ್ಲ, ಬಲಗೈಯಲ್ಲಿ ಅನ್ನ. ಉಣ್ಣುತ್ತಿದ್ದವರು ಸುಮ್ನೆ ತಲೆ ಆಡಿಸಿದರು. ಅವರು ಊಟ ಮಾಡದೆ ಇನ್ನೊಂದು ಮದುವೆಗೆ ಹೊರಟರು. ಹೆಂಡತಿ ಅಷ್ಟೂ ಹೊತ್ತು ಕಾರಿನಲ್ಲೇ ಕೂತಿದ್ದರು. ಒಬ್ಬ ಅಜ್ಜಿ ಕೇಳಿದರು, "ನಿಂತಿರೋಳು ಆ ಹುಡುಗಿ ಅಲ್ವಾ? ಒಳಗೆ ಬಂದು ಒಂದು ತುತ್ತು ಉಣ್ಣೋಕೇನು?"

ಅಕ್ಕ ಹಿಂದಿನ ದಿನವೇ ಹೋಗಿದ್ದರು. ಬಳೆ ಶಾಸ್ತ್ರಕ್ಕೆ ಕೂತು, ರಾತ್ರಿ ತರಕಾರಿ ಹೆಚ್ಚಿ, ಬೆಳಗ್ಗೆ ಹೆಣ್ಣಿನ ಕಡೆಯವರಿಗೆ ಕಾಫಿ ಕೊಟ್ಟರು. ಇದನ್ನು ಪ್ರಚಾರಕ್ಕಾಗಿ ಮಾಡಿದರು ಅನ್ನಲು ಆಗುವುದಿಲ್ಲ. ಚುನಾವಣೆ ಇಲ್ಲದ ವರ್ಷಗಳಲ್ಲೂ ಮಾಡಿದ್ದರು. ಆದರೆ ಈ ಸಲ ತರಕಾರಿ ಹೆಚ್ಚುವಾಗ ಮಾತು ತಾನಾಗಿಯೇ ಚುನಾವಣೆಗೆ ಬಂತು. ಕೊಳಾಯಿಗೆ ನೀರು ಬಿಡುವ ಹೊತ್ತು ಸರಿಯಿಲ್ಲ, ಬೆಳಗ್ಗೆ ಹಾಲು ಕರೆಯೋ ಹೊತ್ತಿಗೇ ಬಿಡ್ತಾರೆ, ಹಿಡಿಯೋಕೆ ಮನೆಯಲ್ಲಿ ಯಾರಿರ್ತಾರೆ ಅಂತ ಒಬ್ಬರು ತೆಗೆದರು. ಶಾಲೆ ಪಕ್ಕದ ಚರಂಡಿ ಬಗ್ಗೆ ಇನ್ನೊಬ್ಬರು. ಅಕ್ಕ ಮಾತು ಕೊಡಲಿಲ್ಲ, ಕೇಳಿಸಿಕೊಂಡರು. ಮಾರನೇ ದಿನ ನಮ್ಮ ಕರಪತ್ರದ ಮೊದಲ ಸಾಲು ನೀರು ಬಿಡುವ ಹೊತ್ತಿನ ಬಗ್ಗೆ ಇತ್ತು. ಗಂಡಸರು ಕೂತು ಬರೆದಿದ್ದರೆ ಮೊದಲ ಸಾಲು ಸಿಮೆಂಟ್ ರಸ್ತೆ ಆಗಿರುತ್ತಿತ್ತು. ಇದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ಈ ಮದುವೆಯಲ್ಲೇ ಮುಯ್ಯಿಯ, ಅಂದರೆ ಮದುವೆ ಮನೆಗೆ ಹಾಕುವ ಉಡುಗೊರೆ ದುಡ್ಡಿನ ಪ್ರಶ್ನೆ ಎದ್ದಿತು. ನಮ್ಮ ಕಡೆ ಮದುವೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಯಾರು ಎಷ್ಟು ಹಾಕಿದರು ಅಂತ ಬರೆಯುತ್ತಾರೆ. ಅಕ್ಕನ ಗಂಡ ಒಂದು ಸಾವಿರದ ಒಂದು ಬರೆಸೋಣ ಅಂದರು. ಎದುರಿನವರು ಕವರ್ ಕೊಟ್ಟಿದ್ದು ನೋಡಿ ಅವರಿಗೆ ಹೆದರಿಕೆ. ಅಕ್ಕ ಒಪ್ಪಲಿಲ್ಲ. "ನಮ್ಮ ಮನೆ ಕಾರ್ಯಕ್ಕೆ ಅವ್ರು ಇನ್ನೂರ ಒಂದು ಹಾಕಿದ್ರು. ನಾವೂ ಅಷ್ಟೇ. ಜಾಸ್ತಿ ಹಾಕಿದ್ರೆ ವೋಟಿಗೆ ಹಾಕ್ದಂಗೆ ಆಯ್ತದೆ." ಪುಸ್ತಕದಲ್ಲಿ 201 ಅಂತಲೇ ಬರೆಸಿದರು.

ಕಾನೂನು ಏನು ಹೇಳುತ್ತದೆ ನೋಡಿ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 171ಬಿ ಕಲಂ ಪ್ರಕಾರ, ವೋಟು ಹಾಕಿಸುವ ಉದ್ದೇಶದಿಂದ ಯಾರಿಗೇ ಏನನ್ನೇ ಕೊಟ್ಟರೂ ಅದು ಲಂಚ. 171ಇ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರ 170 ಮತ್ತು 173ನೇ ಕಲಂಗಳು ಇದನ್ನೇ ಹೇಳುತ್ತವೆ. ಇಲ್ಲಿ ಮುಖ್ಯವಾಗುವುದು ಉದ್ದೇಶ. ಮದುವೆಗೆ ಮುಯ್ಯಿ ಹಾಕುವುದು ತಪ್ಪಲ್ಲ. ಆದರೆ ಉದ್ದೇಶವನ್ನು ಯಾರು ಅಳೆಯುತ್ತಾರೆ? ಊರಿನಲ್ಲಿ ಅದಕ್ಕೂ ಒಂದು ಅಳತೆ ಇದೆ, ಅದು ಮುಯ್ಯಿ ಪುಸ್ತಕ. ಹೋದ ಸಲ ಕೊಟ್ಟಿದ್ದು ಎಷ್ಟು, ತಗೊಂಡಿದ್ದು ಎಷ್ಟು ಎಲ್ಲ ಅದರಲ್ಲಿದೆ. ವಾಡಿಕೆಗಿಂತ ಹತ್ತು ಪಟ್ಟು ಕೊಟ್ಟರೆ ಅದು ಬೇರೆ ಲೆಕ್ಕ ಅಂತ ಬರೆದುಕೊಳ್ಳುವವರಿಗೂ ಗೊತ್ತಾಗುತ್ತದೆ. ಅಕ್ಕ ಕಲಂ ಓದಿದವರಲ್ಲ. ಆದರೂ ಗೆರೆಯನ್ನು ಸರಿಯಾದ ಜಾಗದಲ್ಲೇ ಎಳೆದರು.

ಅರಳಿಕಟ್ಟೆ ಮತ್ತು ಕೊನೆ ಕಾರ್ತಿಕ ಸೋಮವಾರ

13ರ ಸಂಜೆ ಹಿರಿಯರು ಅಕ್ಕನ ಗಂಡನನ್ನು ಕಟ್ಟೆಗೆ ಕರೆಸಿದರು. ಅಕ್ಕನನ್ನಲ್ಲ. ಈಶ್ವರ ದೇವಸ್ಥಾನದ ಮುಂದೆ ಶೀಟು ಹಾಕಿಸಬೇಕಿದೆ, ಗುತ್ತಿಗೆದಾರರು ಪೂರ್ತಿ ಖರ್ಚು ಕೊಡ್ತಾರೆ, ನೀವು ನಾಮಪತ್ರ ವಾಪಸ್ ತಗೊಂಡ್ರೆ ಅವಿರೋಧ ಆಗುತ್ತೆ, ಊರಿಗೂ ಒಳ್ಳೇದು ಅಂದರು. ಆ ಸಲ ಬಳ್ಳಾರಿ ಕಡೆ ಪಂಚಾಯಿತಿ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗ ಇದು ಅಪರಾಧ ಅಂತ ಎಚ್ಚರಿಕೆ ಕೊಟ್ಟಿತ್ತು. ನಮ್ಮೂರಿನ ಹಿರಿಯರು ಇದನ್ನು ಹರಾಜು ಅಂತ ಅಂದುಕೊಂಡಿರಲಿಲ್ಲ. ದೇವರ ಕೆಲಸ ಅಂತಲೇ ನಂಬಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಒಂದು ಸ್ಥಾನವನ್ನು ಚಾವಣಿಗೆ ಮಾರಿದರೆ ಐದು ವರ್ಷ ಪ್ರಶ್ನೆ ಕೇಳುವ ಹಕ್ಕೂ ಹೋಗುತ್ತದೆ ಅಂತ ಯಾರಾದರೂ ಹೇಳಬೇಕಿತ್ತು.

ಗಂಡ ಅರ್ಧ ಒಪ್ಪಿಕೊಂಡೇ ಮನೆಗೆ ಬಂದರು. ಅಕ್ಕ ಕೇಳಿದ್ದು ಒಂದೇ ಮಾತು, "ನಾಮಿನೇಷನ್‌ಗೆ ಸೈನ್ ಹಾಕಿದ್ದು ಯಾರು?" ಆ ರಾತ್ರಿ ಸಂಘದ ಹೆಂಗಸರು ಅವರ ಮನೆ ಜಗುಲಿಯಲ್ಲಿ ಬಂದು ಕೂತರು. ಯಾರೂ ಜಗಳ ಆಡಲಿಲ್ಲ, ಸುಮ್ನೆ ಕೂತಿದ್ದರು. ಗಂಡ ಮತ್ತೆ ಕಟ್ಟೆ ಕಡೆ ಹೋಗಲಿಲ್ಲ.

ಮಾರನೇ ದಿನ ಸೋಮವಾರ, ಅಮಾವಾಸ್ಯೆ. ಮಧ್ಯಾಹ್ನ ಚಿಹ್ನೆ ಸಿಕ್ಕಿತು, ಸಂಜೆ ದೀಪೋತ್ಸವ. ಮೈಕಿನಲ್ಲಿ ದಾನಿಗಳ ಹೆಸರು ಓದುವುದು ವಾಡಿಕೆ. ಆವತ್ತು ಎಣ್ಣೆ ಕೊಟ್ಟವರ ಹೆಸರಿನ ಜೊತೆ ಗುತ್ತಿಗೆದಾರರ ಹೆಸರು ಮತ್ತೆ ಮತ್ತೆ ಬಂತು, ಒಂದು ಸಲ ಹೆಂಡತಿಯ ಚಿಹ್ನೆಯೂ ಸೇರಿತು. ದೇವಸ್ಥಾನವನ್ನು ಪ್ರಚಾರಕ್ಕೆ ಬಳಸುವಂತಿಲ್ಲ ಅಂತ ನೀತಿಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಕಡೆ ಹುಡುಗರು ವಿಡಿಯೋ ಮಾಡಿಕೊಂಡು ದೂರು ಕೊಡೋಣ ಅಂದರು. ನಾನೂ ಕೊಡಲೇಬೇಕು ಅಂದೆ. ಅಕ್ಕ ಬೇಡ ಅಂದರು. ಮೈಕ್ ಹಿಡಿದಿದ್ದವನು ಪೂಜಾರಪ್ಪನ ಮಗ, ಇನ್ನೂ ಓದುವ ಹುಡುಗ. ಕೇಸು ಬಿದ್ದರೆ ಬೀಳುವುದು ಅವನ ಮೇಲೆ, ದುಡ್ಡು ಕೊಟ್ಟವರ ಮೇಲಲ್ಲ. ಈ ತೀರ್ಮಾನ ಸರಿಯೋ ತಪ್ಪೋ, ನನಗೆ ಇವತ್ತಿಗೂ ಎರಡು ಮನಸ್ಸು. ದೂರು ಕೊಡದೇ ಬಿಟ್ಟಿದ್ದಕ್ಕೆ ಮುಂದಿನ ಚುನಾವಣೆಯಲ್ಲೂ ಅದೇ ಮೈಕಿನಲ್ಲಿ ಅದೇ ನಡೆಯುತ್ತದೆ. ಆದರೆ ಹಳ್ಳಿಯಲ್ಲಿ ದೂರುಗಳು ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾಲೋನಿಯಲ್ಲಿ

ಅಕ್ಕ ಎಡವಿದ್ದು ಇಲ್ಲಿ. ಇದನ್ನು ಬಿಟ್ಟು ಬರೆದರೆ ಈ ಪ್ರಕರಣ ಅರ್ಧ ಸುಳ್ಳಾಗುತ್ತದೆ.

16ಕ್ಕೆ ಕಾಲೋನಿಯ ಒಂದು ಮನೆಯಲ್ಲಿ ನಾಮಕರಣ. ಮೂರು ಸ್ಥಾನದ ಅಭ್ಯರ್ಥಿಗಳ ಕಡೆಯವರೂ ಅಲ್ಲಿಗೆ ಹೋದರು. ಅಕ್ಕನೂ ಸಂಘದ ಇಬ್ಬರನ್ನು ಕರೆದುಕೊಂಡು ಹೋದರು. ಬಾಗಿಲಲ್ಲೇ ಕೂತಿದ್ದ ವಯಸ್ಸಾದ ಹೆಂಗಸು ಮಗುವಿನ ಮುತ್ತಜ್ಜಿ. ಅಕ್ಕನ ಮುಖ ನೋಡಿ, ದನಿ ಏರಿಸದೆ ಕೇಳಿದರು. "ಹೋದ ವರ್ಷ ನಮ್ಮ ಹುಡುಗಿ ಮದುವೆಗೆ ಕರೆದಿದ್ವಿ ಕಣವ್ವ. ನಿಮ್ಮ ಬೀದಿಯಿಂದ ಒಬ್ಬರೂ ಬರ್ಲಿಲ್ಲ. ಈಗ ವೋಟಿಗೆ ದಾರಿ ಗೊತ್ತಾಯ್ತಾ?"

ಅಕ್ಕ, "ಬರ್ಲಿಲ್ಲ, ನಿಜ" ಅಂದರು. ಬೇರೆ ಏನೂ ಹೇಳಲಿಲ್ಲ. ಒಳಗೆ ಕೂರಿಸಿದರು, ಊಟ ಬಡಿಸಿದರು, ಉಂಡರು. ಜೊತೆಗೆ ಬಂದಿದ್ದ ಇಬ್ಬರಲ್ಲಿ ಒಬ್ಬರು ಹೊಟ್ಟೆ ಸರಿಯಿಲ್ಲ ಅಂತ ಎಲೆ ಮುಂದೆ ಕೂರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಗುತ್ತಿಗೆದಾರರು ಅದೇ ಮನೆಯಲ್ಲಿ ಬಾಟಲಿ ನೀರು ತರಿಸಿಕೊಂಡು ಕುಡಿದು, ಫೋಟೋ ಹೊಡೆಸಿಕೊಂಡು ಹೋಗಿದ್ದರಂತೆ.

ಸಮುದಾಯದ ಕಾರ್ಯಕ್ರಮಗಳು ಎಲ್ಲರನ್ನೂ ಸೇರಿಸುತ್ತವೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಯಾರನ್ನು ಕರೆಯುತ್ತಾರೆ, ಕರೆದರೆ ಯಾರು ಹೋಗುತ್ತಾರೆ, ಹೋದವರು ಎಲ್ಲಿ ಕೂರುತ್ತಾರೆ, ಇವೆಲ್ಲ ಜಾತಿಯ ಲೆಕ್ಕದಲ್ಲೇ ನಡೆಯುತ್ತವೆ. ಮೇಲಿನ ಬೀದಿಯ ಮದುವೆ ಮನೆಗಳಲ್ಲಿ ವರ್ಷಗಟ್ಟಲೆ ದುಡಿದಿದ್ದು ಅಕ್ಕನಿಗೆ ಅಲ್ಲಿ ಬಲವಾಗಿತ್ತು. ಕಾಲೋನಿಯಲ್ಲಿ ಅದೇ ಅವರ ಮೇಲಿನ ದೂರಾಗಿತ್ತು. ಅಲ್ಲಿ ಮಾಡಿದ್ದೀರಿ, ಇಲ್ಲಿ ಮಾಡಿಲ್ಲ. ಎರಡು ವಾರದ ಪ್ರಚಾರದಲ್ಲಿ ಇದಕ್ಕೆ ಪರಿಹಾರ ಇಲ್ಲ. ಒಂದು ಊಟ ಉಂಡರೆ ಸರಿಹೋಗುವ ವಿಷಯವೂ ಅಲ್ಲ.

ಕಾಲೋನಿಯಲ್ಲಿ ಅವರಿಗೆ ಸಿಕ್ಕ ವೋಟು ಬಂದದ್ದು ಬೇರೆ ದಾರಿಯಿಂದ. ಡೈರಿಯಲ್ಲಿ ಬೆಳಗ್ಗೆ ಸಾಲಿನಲ್ಲಿ ನಿಲ್ಲುವಾಗ ಪರಿಚಯವಾದ ಹೆಂಗಸರು ಅಲ್ಲಿದ್ದರು. ಹಾಲಿನ ಕ್ಯಾನು ಹಿಡಿದು ನಿಂತವರಲ್ಲಿ ಯಾರು ಮೊದಲು ಬಂದರೋ ಅವರು ಮೊದಲು. ಫ್ಯಾಟು ಕಡಿಮೆ ಬಂತು ಅಂತ ಬೇಜಾರು ಎಲ್ಲರಿಗೂ ಒಂದೇ. ಆ ಹೆಂಗಸರು ಅಕ್ಕನ ಪರವಾಗಿ ತಮ್ಮ ಬೀದಿಯಲ್ಲಿ ಮಾತಾಡಿದರು.

ತಿಥಿ, ಹರಕೆ, ಷಷ್ಠಿ

ಉಳಿದದ್ದನ್ನು ಬೇಗ ಹೇಳುತ್ತೇನೆ.

17ಕ್ಕೆ ಒಂದು ಮನೆಯಲ್ಲಿ ಹನ್ನೊಂದನೇ ದಿನದ ಕಾರ್ಯ. ಸಾವಿನ ಮನೆಗೆ ಹೋಗಿ ಮಾತಾಡಿಸುವುದು ಎಲ್ಲರೂ ಮಾಡುವುದೇ. ಗುತ್ತಿಗೆದಾರರ ಹುಡುಗರು ಊಟಕ್ಕೆ ಕೂತವರ ಎಲೆ ಪಕ್ಕ ಕರಪತ್ರ ಇಡುತ್ತಾ ಹೋದರು. ಸತ್ತವರ ಮಗ ಎದ್ದು ಬಂದು ಒಂದೊಂದಾಗಿ ಎತ್ತಿಕೊಂಡ. ಬೈಯಲಿಲ್ಲ. ಎದುರಾಳಿಗೆ ಅಲ್ಲಿ ಆದಷ್ಟು ನಷ್ಟ ಬೇರೆಲ್ಲೂ ಆಗಲಿಲ್ಲ ಅನ್ನುವುದು ನನ್ನ ಲೆಕ್ಕ. ಆ ಮನೆಯ ನೆಂಟರು ವಾರ್ಡಿನ ತುಂಬ ಇದ್ದರು.

ಕಾರ್ತಿಕ ಮುಗಿದಿದ್ದರಿಂದ ಬಾಡೂಟಗಳೂ ಶುರುವಾದವು. ಒಂದು ತೋಟದಲ್ಲಿ ಮುನೇಶ್ವರನಿಗೆ ಹರಕೆ ಅಂತ ಮರಿ ಕಡಿದರು. ಹರಕೆ ಯಾರದ್ದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಯಾರೋ ಫೋನ್ ಮಾಡಿ ಅಧಿಕಾರಿಗಳೂ ಬಂದರು. ಕರಪತ್ರ ಇಲ್ಲ, ಅಭ್ಯರ್ಥಿ ಇಲ್ಲ, ಇರುವುದು ಮುದ್ದೆ, ಸಾರು, ದೇವರ ಕಲ್ಲು. ಬರೆದುಕೊಂಡು ವಾಪಸ್ ಹೋದರು. ಊಟ, ಪಾನೀಯ ಕೊಟ್ಟು ವೋಟು ಸೆಳೆಯುವುದೂ ಲಂಚವೇ. ಆದರೆ ಅದಕ್ಕೆ ಕಾನೂನಿನಲ್ಲಿ ದಂಡ ಮಾತ್ರ, ಜೈಲಿಲ್ಲ. ಇದು ತುಂಬಾ ಸಡಿಲ ಅಂತ ನನಗೆ ಅನಿಸುತ್ತದೆ. ಹಣ ಹಂಚಿದರೆ ಹಿಡಿಯುತ್ತಾರೆ ಅಂತ ಗೊತ್ತಿರುವವರು ಇದೇ ದಾರಿ ಹಿಡಿಯುತ್ತಾರೆ. ಮೇಲೆ ದೇವರ ಹೆಸರು ಇದ್ದರೆ ಕೇಳುವವರೂ ಹಿಂಜರಿಯುತ್ತಾರೆ.

ಧನುರ್ಮಾಸದ ಬೆಳಗಿನ ಪೂಜೆಗೆ ಅಕ್ಕ ದಿನಾ ಹೋದರು. ಹುಗ್ಗಿ ಹಂಚುವಾಗ ಹೆಂಗಸರ ಜೊತೆ ನಿಂತು ಮಾತಾಡಿದರು, ಅದು ಚಿಹ್ನೆ ನೆನಪಿಸಲು ಸಾಕಾಯಿತು. ಆದರೆ ಗುಡಿ ಒಳಗೆ ವೋಟಿನ ಮಾತು ಎತ್ತುತ್ತಿರಲಿಲ್ಲ, ಹೊರಗೆ ಬಂದ ಮೇಲೆ ಮಾತ್ರ. 20ಕ್ಕೆ ಸುಬ್ರಹ್ಮಣ್ಯ ಷಷ್ಠಿ ಬಿತ್ತು, ಬಹಿರಂಗ ಪ್ರಚಾರದ ಕೊನೆ ದಿನವೂ ಅದೇ. ಬೆಳಗ್ಗೆ ಹುತ್ತಕ್ಕೆ ಹಾಲೆರೆಯಲು ಇಡೀ ಊರು ಬಂದಿತ್ತು. ಆ ಒಂದು ಬೆಳಗ್ಗೆಯಲ್ಲಿ ಅವರು ಮಾತಾಡಿಸಿದಷ್ಟು ಜನರನ್ನು ಮನೆ ಮನೆ ತಿರುಗಿ ಮಾತಾಡಿಸಲು ಆಗುತ್ತಿರಲಿಲ್ಲ. ಸಂಜೆ 5ಕ್ಕೆ ಆಟೋ ಮೈಕ್ ನಿಂತಿತು.

ಫಲಿತಾಂಶ ಮತ್ತು ಆಮೇಲೆ

30ರಂದು ತಾಲ್ಲೂಕು ಕೇಂದ್ರದಲ್ಲಿ ಎಣಿಕೆ. ಪೇಪರ್ ಬ್ಯಾಲೆಟ್ ಆಗಿದ್ದರಿಂದ ಮೂರೂ ಸ್ಥಾನದ ಚೀಟಿ ಬೇರೆ ಮಾಡಿ, ಕಟ್ಟು ಕಟ್ಟಿ ಎಣಿಸಲು ಬಹಳ ಹೊತ್ತು ಹಿಡಿಯಿತು. ಅಕ್ಕ ಗೆದ್ದರು, ಅಂತರ ಚಿಕ್ಕದು.

ಕಾರ್ಯಕ್ರಮಗಳಿಗೆ ಹೋದದ್ದಕ್ಕೇ ಗೆದ್ದರು ಅಂತ ನಾನು ಹೇಳುವುದಿಲ್ಲ. ಎದುರಾಳಿ ಅವರಿಗಿಂತ ಜಾಸ್ತಿ ಕಾರ್ಯಕ್ರಮಗಳಿಗೆ ಹೋಗಿದ್ದರು. ಸರಿಯಾಗಿ ಹೇಳಬೇಕೆಂದರೆ, ಎದುರಾಳಿಯ ಗಂಡ ಹೋಗಿದ್ದರು, ಅವರಲ್ಲ. ವಾರ್ಡಿನ ಅರ್ಧ ಹೆಂಗಸರಿಗೆ ತಾವು ಯಾರಿಗೆ ವೋಟು ಹಾಕಬೇಕೋ ಆ ಹೆಂಗಸಿನ ದನಿಯನ್ನೇ ಕೇಳುವ ಅವಕಾಶ ಸಿಗಲಿಲ್ಲ. ಆಕೆ ಒಳ್ಳೆಯವರೇ, ಓದಿದವರು, ಅಕ್ಕನಿಗಿಂತ ಚೆನ್ನಾಗಿ ಮಾತಾಡಬಲ್ಲವರು. ಕಾರಿನಿಂದ ಇಳಿಸಿ ಅಡುಗೆ ಮನೆಗೆ ಬಿಟ್ಟಿದ್ದರೆ ಫಲಿತಾಂಶ ಬೇರೆ ಆಗಬಹುದಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ. ಅವರ ಗಂಡ ಕಳೆದುಕೊಂಡದ್ದು ಅದನ್ನೇ.

ಇಲ್ಲಿ ನಿಲ್ಲುವ ಹೆಣ್ಣುಮಕ್ಕಳಿಗೆ ಉಪಯೋಗಕ್ಕೆ ಬರುವ ಒಂದು ಸಣ್ಣ ವಿಷಯವೂ ಇದೆ. ಕರಪತ್ರ ಬರೆಯುವಾಗ ನಾನು ಗಂಡನ ಫೋನ್ ನಂಬರ್ ಹಾಕಿದ್ದೆ, ಎಲ್ಲರೂ ಹಾಗೇ ಹಾಕುತ್ತಾರೆ ಅಂತ. ಅಕ್ಕ ಅದನ್ನು ಹೊಡೆದು ತಮ್ಮದನ್ನು ಬರೆಸಿದರು. ಅದು ಸಂಘದ ಸಾಲದ ಲೆಕ್ಕಕ್ಕೆ ಅಂತ ತಗೊಂಡಿದ್ದ ಬಟನ್ ಫೋನ್. ಗೆದ್ದ ಮೇಲೆ ಪಂಚಾಯಿತಿಯ ಕೆಲವು ಸಿಬ್ಬಂದಿ ಅಭ್ಯಾಸಬಲದಿಂದ ಗಂಡನಿಗೇ ಫೋನ್ ಮಾಡುತ್ತಿದ್ದರು. ಮೊದಮೊದಲು ಗಂಡನೇ ಸಭೆಗೂ ಹೊರಡಲು ತಯಾರಾಗಿದ್ದರು. ಆದರೆ ಊರಿನ ಹೆಂಗಸರ ಕೈಯಲ್ಲಿ ಇದ್ದದ್ದು ಅಕ್ಕನ ನಂಬರ್. ನೀರು ಬರಲಿಲ್ಲ ಅಂದರೆ ಅವರಿಗೇ ಫೋನ್. ಅವರು ನೀರಗಂಟಿಗೆ ಮಾಡುತ್ತಿದ್ದರು, ಅಲ್ಲಿ ಆಗದಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ). ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಅನ್ನುವುದು ಗಂಡನಿಗೆ ಗೊತ್ತೇ ಇರಲಿಲ್ಲ, ಹಾಗಾಗಿ ಸಭೆಯಲ್ಲಿ ಮಾತಾಡಲು ಅಕ್ಕನೇ ಹೋಗಬೇಕಾಯಿತು. ಎರಡನೇ ಸಭೆಯಿಂದ ಗಂಡ ಬೈಕ್‌ನಲ್ಲಿ ಬಿಟ್ಟು, ಹೊರಗೆ ಟೀ ಕುಡಿದುಕೊಂಡು ಕಾಯುತ್ತಿದ್ದರು. ನೀರು ಬಿಡುವ ಹೊತ್ತು ಬದಲಾದದ್ದು ಬೇಸಿಗೆಗೆ ಮುಂಚೆ. ಕಾಲೋನಿಯ ಕೊನೆ ಸಾಲಿನ ಮನೆಗಳಿಗೆ ಮಾತ್ರ ಪೈಪು ಎತ್ತರದ ಕಾರಣಕ್ಕೆ ಇನ್ನೂ ಸರಿಯಾಗಿ ಏರುತ್ತಿರಲಿಲ್ಲ. ಅಲ್ಲಿಂದ ಫೋನ್ ಬರುವುದು ನಿಂತಿರಲಿಲ್ಲ.